ಹತ್ತು ಕೋಟಿ ಸರಿ, ಯಾವ ವರ್ಷ ಎಷ್ಟು? ಏರೋಸ್ಪೇಸ್ ಖರ್ಚು ಹಂಚುವ ಐದು ದಾರಿಗಳ ಹೋಲಿಕೆ

ಒಟ್ಟು ಎಷ್ಟಾಗುತ್ತದೆ ಅನ್ನುವ ಪ್ರಶ್ನೆಗೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಕೊಟೇಶನ್ ತರಿಸಿರುತ್ತಾರೆ, ಸಂಬಳ ಕೂಡಿಸಿರುತ್ತಾರೆ, ಇರಲಿ ಅಂತ ಮೇಲೆ ಹತ್ತು ಪರ್ಸೆಂಟ್ ಹಾಕಿರುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಅನುದಾನದ ಅಥವಾ ಸಾಲದ ಅರ್ಜಿಯ ಮುಂದಿನ ಪುಟದಲ್ಲಿ. ಅಲ್ಲಿ ಮೊದಲ ವರ್ಷ, ಎರಡನೇ ವರ್ಷ, ಮೂರನೇ ವರ್ಷ ಅಂತ ಖಾಲಿ ಕಾಲಂಗಳಿರುತ್ತವೆ.

ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಮಷಿನ್ ಶಾಪ್ ಇಟ್ಟುಕೊಂಡು ಬೆಂಗಳೂರಿನ ಕಂಪನಿಗಳಿಗೆ ಪಾರ್ಟ್ ಮಾಡಿಕೊಡುವವರು, ಜಾಬ್ ವರ್ಕ್ ಬಿಟ್ಟು ಸ್ವಂತ ಡಿಸೈನಿಗೆ ಕೈ ಹಾಕಿದವರು, ಕಾಲೇಜಿನಲ್ಲಿ ಪುಟ್ಟ ಉಪಗ್ರಹ ಕಟ್ಟಬೇಕು ಅಂತ ಓಡಾಡುವ ಹುಡುಗರು, ಎಲ್ಲರೂ ಈ ಕಾಲಂಗಳ ಮುಂದೆ ತಲೆ ಕೆರೆದುಕೊಳ್ಳುತ್ತಾರೆ. ಕೆಲವರು ಸುಮ್ನೆ ವರ್ಷಗಳ ಸಂಖ್ಯೆಯಿಂದ ಭಾಗಿಸಿ ಬರೆದುಬಿಡುತ್ತಾರೆ. ಕೆಲವರು ಖರ್ಚು ಏರಿ ಇಳಿಯುವುದನ್ನು ತೋರಿಸುವ, ಎಲ್ಲೋ ಕಂಡ ರೇಖೆಯನ್ನು ಎಕ್ಸೆಲ್‌ಗೆ ಅಂಟಿಸುತ್ತಾರೆ. ಇನ್ನು ಕೆಲವರು ಸಾಲ ಕೊಡುವವರು ಎಷ್ಟು ಕೊಡಬಹುದು ಅಂತ ಮೊದಲು ನೋಡಿ, ಅದಕ್ಕೆ ಹೊಂದುವ ಹಾಗೆ ಖರ್ಚು ಬರೆಯುತ್ತಾರೆ. ನನ್ನ ತಕರಾರು ಮುಖ್ಯವಾಗಿ ಈ ಮೂರನೆಯವರ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಅಡಿಕೆ ತೋಟದ ಮನೆಯವರಿಗೆ ಈ ಹಂಚಿಕೆ ಯಾಕೆ ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ. ವರ್ಷದ ಲೆಕ್ಕ ನೋಡಿದರೆ ಲಾಭವೇ. ಆದರೆ ಕೊಯ್ಲಿಗೆ ಮುಂಚೆ ಕೈಯಲ್ಲಿ ಕಾಸಿಲ್ಲದೆ ಮಂಡಿಯಿಂದ ಮುಂಗಡ ತರಬೇಕಾಗುತ್ತದೆ, ಬಡ್ಡಿ ಬೀಳುತ್ತದೆ. ಏರೋಸ್ಪೇಸ್ ಯೋಜನೆಗಳೂ ಒಟ್ಟು ಮೊತ್ತದಲ್ಲಿ ಸೋಲುವುದಕ್ಕಿಂತ ಎರಡನೇ ವರ್ಷದ ಮಧ್ಯದಲ್ಲಿ ಸೋಲುವುದು ಜಾಸ್ತಿ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ನಾಸಾದ ಜೇಮ್ಸ್ ವೆಬ್ ದೂರದರ್ಶಕ ಹಾರಿದ್ದು 2021ರ ಡಿಸೆಂಬರ್ 25ರಂದು. ಅದಕ್ಕೂ ಎಷ್ಟೋ ಮುಂಚೆ, 2010ರಲ್ಲಿ, ಜಾನ್ ಕಸಾನಿ ಅವರ ನೇತೃತ್ವದ ಸ್ವತಂತ್ರ ಸಮಿತಿಯೊಂದು ಯೋಜನೆ ಯಾಕೆ ಕೈ ಮೀರುತ್ತಿದೆ ಅಂತ ಪರಿಶೀಲಿಸಿತು. ತೊಂದರೆ ತಂತ್ರಜ್ಞಾನದಲ್ಲಿಲ್ಲ, ಬಜೆಟ್ ಮಾಡಿದ ರೀತಿಯಲ್ಲಿ ಮತ್ತು ನಿರ್ವಹಣೆಯಲ್ಲಿ ಇದೆ ಅಂತ ಸಮಿತಿ ಹೇಳಿತು. ಬೇಕಾದ ವರ್ಷದಲ್ಲಿ ಬೇಕಾದಷ್ಟು ಮೀಸಲು ಹಣ ಇರಲಿಲ್ಲ. ಹಾಗಾಗಿ ಈ ವರ್ಷದ ಕೆಲಸ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಮುಂದಕ್ಕೆ ಹೋದ ಕೆಲಸ ಹಳೇ ಬೆಲೆಗೆ ಮುಗಿಯುವುದಿಲ್ಲ.

ಏನನ್ನು ಹಂಚುತ್ತಿದ್ದೀರಿ?

ದಾರಿ ಆರಿಸುವ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಒಂದೇ ವಸ್ತುವಿಗೆ ಮೂರು ತಾರೀಖು ಇರುತ್ತವೆ. ಉದಾಹರಣೆಗೆ ಆಮದು ಮಾಡಿಕೊಳ್ಳುವ ಒಂದು ಪ್ರೆಶರ್ ಸೆನ್ಸರ್. ಪರ್ಚೇಸ್ ಆರ್ಡರ್ ಕೊಟ್ಟದ್ದು ಜೂನ್‌ನಲ್ಲಿ, ಮಾಲು ಬಂದದ್ದು ಮುಂದಿನ ಫೆಬ್ರವರಿಯಲ್ಲಿ, ಪೂರ್ತಿ ದುಡ್ಡು ಕೊಟ್ಟದ್ದು ಏಪ್ರಿಲ್‌ನಲ್ಲಿ. ಜೂನ್‌ದು ಬದ್ಧತೆ, ಫೆಬ್ರವರಿಯದು ಖರ್ಚು, ಏಪ್ರಿಲ್‌ನದು ನಗದು. ಫೆಬ್ರವರಿ ಮತ್ತು ಏಪ್ರಿಲ್ ಮಧ್ಯೆ ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31 ಇದೆ ಅನ್ನುವುದನ್ನು ಮರೆಯಬೇಡಿ.

ಅನುದಾನ ಕೊಡುವವರು ಸಾಮಾನ್ಯವಾಗಿ ಖರ್ಚು ಕೇಳುತ್ತಾರೆ. ಬ್ಯಾಂಕಿನವರು ನಗದು ಕೇಳುತ್ತಾರೆ. ಆರ್ಡರ್ ಕೊಡುವ ಧೈರ್ಯ ನಿಮಗಿದೆಯೋ ಇಲ್ಲವೋ ಅನ್ನುವುದು ಬದ್ಧತೆಯ ಲೆಕ್ಕದಿಂದ ಗೊತ್ತಾಗುತ್ತದೆ. ಕೆಳಗಿನ ರೇಖೆಗಳು ಖರ್ಚನ್ನು ಹಂಚುತ್ತವೆ. ನಗದಿನ ಲೆಕ್ಕ ಬೇಕಾದರೆ ಅದನ್ನು ಒಂದೆರಡು ತಿಂಗಳು ಹಿಂದೆ ಮುಂದೆ ಸರಿಸಬೇಕು, ಅಡ್ವಾನ್ಸ್ ಮತ್ತು ರಿಟೆನ್ಷನ್ (ಕೆಲಸ ಸರಿಯಾಗುವ ತನಕ ತಡೆಹಿಡಿಯುವ ಹಣ) ಬೇರೆ ತೆಗೆದಿಡಬೇಕು.

ಯಾವ ಅಳತೆಗೋಲು?

ನಾನು ನೋಡುವುದು ನಾಲ್ಕು ವಿಷಯ. ಒಂದು, ನಿಮಗೆ ಈಗ ಕೆಲಸದ ಬಗ್ಗೆ ಎಷ್ಟು ಗೊತ್ತು. ಡ್ರಾಯಿಂಗೇ ಆಗಿಲ್ಲದಿದ್ದರೆ ತಿಂಗಳವಾರು ಲೆಕ್ಕ ಬರೀ ಕಥೆ. ಎರಡು, ಕೆಲಸ ಯಾವ ಜಾತಿಯದು. ಹೊಸದನ್ನು ಅಭಿವೃದ್ಧಿ ಮಾಡುವುದು ಬೇರೆ, ಗೊತ್ತಿರುವುದನ್ನೇ ಇನ್ನೂರು ಸಲ ಮಾಡುವುದು ಬೇರೆ. ಮೂರು, ಲೆಕ್ಕ ಯಾರ ಮುಂದೆ ಹೋಗುತ್ತದೆ, ಅವರು ಬಿಡಿಸಿ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇದೆಯಾ. ನಾಲ್ಕು, ವೇಳಾಪಟ್ಟಿ ಜಾರಿದಾಗ ಮತ್ತೆ ಲೆಕ್ಕ ಹಾಕಲು ಎಷ್ಟು ಶ್ರಮ. ಈ ನಾಲ್ಕನೆಯದನ್ನು ಯಾರೂ ಎಣಿಸುವುದಿಲ್ಲ. ಆದರೆ ಜಾರದ ಏರೋಸ್ಪೇಸ್ ಯೋಜನೆ ಯಾವುದಿದೆ ಹೇಳಿ.

ಹೋಲಿಕೆಗೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಇದು ಕಾಲ್ಪನಿಕ. ಶಿವಮೊಗ್ಗದ ಒಂದು ಘಟಕ ರಾಕೆಟ್ ಎಂಜಿನ್ನಿಗೆ ಬೇಕಾದ ಒಂದು ವಾಲ್ವ್ ಅಭಿವೃದ್ಧಿ ಮಾಡುತ್ತಿದೆ. ಒಟ್ಟು ₹10 ಕೋಟಿ, ನಾಲ್ಕು ವರ್ಷ. ಡಿಸೈನ್, ಕಾಸ್ಟಿಂಗ್, ಮಷಿನಿಂಗ್, ವಾಲ್ವ್ ಪರೀಕ್ಷಿಸಲು ಒಂದು ಟೆಸ್ಟ್ ರಿಗ್, ಕೊನೆಗೆ ವಾಲ್ವ್ ಹಾರಾಟಕ್ಕೆ ಯೋಗ್ಯ ಅಂತ ತೋರಿಸುವ ಅರ್ಹತಾ ಪರೀಕ್ಷೆಗಳು. ಮೂರು ದಾರಿಗಳು ಈ ಹತ್ತು ಕೋಟಿಯನ್ನು ಹೀಗೆ ಹಂಚುತ್ತವೆ (ವರ್ಷಾನುಕ್ರಮದಲ್ಲಿ, ಕೋಟಿ ರೂಪಾಯಿ; ರೇಲಿ, ಬೀಟಾ ಅಂದರೆ ಏನು ಅಂತ ಮುಂದೆ ಬಿಡಿಸುತ್ತೇನೆ; ‘ಅರ್ಧ ಕಾಲಕ್ಕೆ 60%’ ಅಂದರೆ ಅರ್ಧ ಅವಧಿ ಮುಗಿದಾಗ 60% ಖರ್ಚಾಗಿರುತ್ತದೆ ಅಂತ):

ಸಮಪಾಲು: 2.5 – 2.5 – 2.5 – 2.5
ರೇಲಿ ರೇಖೆ: 2.0 – 4.0 – 2.9 – 1.1
ಬೀಟಾ, ಅರ್ಧ ಕಾಲಕ್ಕೆ 60%: 1.9 – 4.1 – 3.2 – 0.8
ಬೀಟಾ, ಅರ್ಧ ಕಾಲಕ್ಕೆ 40%: 1.4 – 2.6 – 3.5 – 2.5

ಎರಡನೇ ಕಾಲಂ ನೋಡಿ. ₹2.5 ಕೋಟಿಯಿಂದ ₹4.1 ಕೋಟಿವರೆಗೆ ವ್ಯತ್ಯಾಸ. ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಲಿಮಿಟ್ ಎಷ್ಟಿರಬೇಕು ಅನ್ನುವುದು ಇಲ್ಲೇ ತೀರ್ಮಾನ ಆಗುವುದು.

ಸಮಪಾಲು

ಭಾಗಿಸಿ ಬರೆಯುವುದು. ಇದನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಒಂದೇ ತಂಡ, ಒಂದೇ ಬಾಡಿಗೆ, ತಿಂಗಳಿಗೆ ಹೆಚ್ಚು ಕಡಿಮೆ ಒಂದೇ ಖರ್ಚು ಇರುವ ಕೆಲಸಕ್ಕೆ ಇದು ಸಾಕು. ಹಾರಿದ ಉಪಗ್ರಹವನ್ನು ನೋಡಿಕೊಳ್ಳುವ ನೆಲದ ಕೇಂದ್ರ, ಸಾಫ್ಟ್‌ವೇರ್ ನಿರ್ವಹಣೆ, ಒಂದು ವರ್ಷದೊಳಗಿನ ಅಧ್ಯಯನ, ಇಂಥವಕ್ಕೆ.

ಅಭಿವೃದ್ಧಿ ಕೆಲಸಕ್ಕೆ ಮಾತ್ರ ಇದು ನಗೆಪಾಟಲು. ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ₹2,104.06 ಕೋಟಿ ಒಪ್ಪಿತು, ಅವಧಿ 36 ತಿಂಗಳು. ಸಮಪಾಲು ಮಾಡಿದರೆ ತಿಂಗಳಿಗೆ ₹58 ಕೋಟಿ ಚಿಲ್ಲರೆ. ಮೊದಲ ತಿಂಗಳೇ ₹58 ಕೋಟಿ ಯಾರು ಎಲ್ಲಿ ಖರ್ಚು ಮಾಡುತ್ತಾರೆ? ಆ ಮೊತ್ತದಲ್ಲಿ ಎರಡು ಎಲ್‌ವಿಎಂ-3 ರಾಕೆಟ್ ಉಡಾವಣೆಯ ಖರ್ಚೂ ಸೇರಿದೆ. ರಾಕೆಟ್ ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಹಾರುವುದಿಲ್ಲ ಅಲ್ವಾ.

ಹಳೇ ಯೋಜನೆಯ ಅಚ್ಚು

ನೀವೇ ಮಾಡಿದ ಅಥವಾ ಹತ್ತಿರದಿಂದ ನೋಡಿದ ಇನ್ನೊಂದು ಯೋಜನೆಯ ಖರ್ಚು ವರ್ಷವಾರು ಹೇಗೆ ಬಿತ್ತು ಅಂತ ತೆಗೆದು, ಅದೇ ಪಾಲಿನಲ್ಲಿ ಹೊಸದನ್ನು ಹಂಚುವುದು. ಹಳೇ ವಾಲ್ವ್‌ಗೆ ಮೊದಲ ವರ್ಷ 15% ಹೋಗಿದ್ದರೆ ಇದಕ್ಕೂ 15%.

ಒಳ್ಳೆಯ ಅಚ್ಚು ಸಿಕ್ಕಿದರೆ ಯಾವ ಗಣಿತದ ರೇಖೆಗಿಂತಲೂ ಇದು ಮೇಲು ಅಂತ ನನ್ನ ಅಭಿಪ್ರಾಯ. ಸರಬರಾಜುದಾರರ ಸೋಮಾರಿತನ, ಪರೀಕ್ಷಾ ಲ್ಯಾಬಿನ ಸರದಿ, ಬಿಲ್ ಪಾಸಾಗುವ ಗತಿ, ಎಲ್ಲವೂ ಅದರೊಳಗೆ ತಾನಾಗಿ ಸೇರಿಕೊಂಡಿರುತ್ತದೆ. ಪರಿಶೀಲಿಸುವವರಿಗೂ ಇದರ ಮೇಲೆ ನಂಬಿಕೆ ಜಾಸ್ತಿ. ‘ಹೋದ ಸಲ ಹೀಗೇ ಆಯಿತು’ ಅನ್ನುವುದಕ್ಕೆ ಎದುರು ಮಾತು ಕಡಿಮೆ.

ಅಪಾಯ ಇರುವುದು ಅಚ್ಚು ಬೇರೆ, ಎರಕ ಬೇರೆ ಆದಾಗ. ಹಳೇ ಯೋಜನೆಯಲ್ಲಿ ಟೆಸ್ಟ್ ರಿಗ್ ಮೊದಲೇ ಇತ್ತು, ಹೊಸದರಲ್ಲಿ ಕಟ್ಟಬೇಕು ಅಂದರೆ ಮೊದಲೆರಡು ವರ್ಷ ಪೂರ್ತಿ ಬದಲಾಗುತ್ತದೆ. ಮಧ್ಯದಲ್ಲಿ ಯೋಜನೆಯ ವ್ಯಾಪ್ತಿಯೇ ಹಿಗ್ಗಿದ್ದರೂ ಅಚ್ಚು ಕೆಟ್ಟಿರುತ್ತದೆ. ಗಗನಯಾನ ಇದಕ್ಕೆ ಸರಿಯಾದ ಉದಾಹರಣೆ. 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ₹11,170 ಕೋಟಿ ಹೆಚ್ಚಿಗೆ ಕೊಟ್ಟು ಒಟ್ಟು ₹20,193 ಕೋಟಿ ಮಾಡಿದರು. ಅದರಲ್ಲಿ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕವೂ, ಹೆಚ್ಚುವರಿ ಹಾರಾಟಗಳೂ ಸೇರಿದವು. ಇಂಥ ಯೋಜನೆಯ ವರ್ಷವಾರು ಅಂಕಿಗಳನ್ನು ಹಾಗೇ ಎತ್ತಿಕೊಂಡರೆ ಎರಡು ಬೇರೆ ಬೇರೆ ಯೋಜನೆಗಳನ್ನು ಹೊಲಿದು ಒಂದು ಮಾಡಿದ ಹಾಗೆ ಆಗುತ್ತದೆ.

ಸಣ್ಣ ಘಟಕಗಳ ಕಷ್ಟ ಬೇರೆ. ಹಳೇ ಲೆಕ್ಕ ಇರುತ್ತದೆ, ಆದರೆ ಟ್ಯಾಲಿಯಲ್ಲಿ ಎಲ್ಲ ಜಾಬ್‌ಗಳೂ ಕಲಸಿಹೋಗಿರುತ್ತವೆ. ಜಾಬ್‌ವಾರು ಕಾಸ್ಟ್ ಸೆಂಟರ್ (ಪ್ರತಿ ಜಾಬ್‌ಗೂ ಖರ್ಚಿನ ಬೇರೆ ಖಾತೆ) ಇಟ್ಟಿಲ್ಲದಿದ್ದರೆ ಈ ದಾರಿ ನಿಮಗೆ ಸದ್ಯಕ್ಕೆ ಮುಚ್ಚಿದೆ. ಇವತ್ತೇ ಕಾಸ್ಟ್ ಸೆಂಟರ್ ತೆರೆಯಿರಿ, ಮುಂದಿನ ಯೋಜನೆಗಾದರೂ ಆಗುತ್ತದೆ.

ರೇಲಿ ರೇಖೆ

ಪೀಟರ್ ನಾರ್ಡನ್ ಅನ್ನುವವರು ಐಬಿಎಂನಲ್ಲಿದ್ದಾಗ ಒಂದು ವಿಷಯ ಗಮನಿಸಿದರು. ಎಂಜಿನಿಯರಿಂಗ್ ಅಭಿವೃದ್ಧಿ ಯೋಜನೆಗಳಲ್ಲಿ ದುಡಿಯುವ ಜನರ ಸಂಖ್ಯೆ ಒಂದು ಕ್ರಮದಲ್ಲಿ ಏರಿ, ಒಂದು ಶಿಖರ ಮುಟ್ಟಿ, ನಿಧಾನ ಇಳಿಯುತ್ತದೆ. ಆ ಆಕಾರ ಭೌತಶಾಸ್ತ್ರಜ್ಞ ರೇಲಿ ಅವರ ಹೆಸರಿನ ರೇಖೆಗೆ ಹೊಂದುತ್ತದೆ. ಸಾಫ್ಟ್‌ವೇರ್ ಅಂದಾಜಿಗೆ ಪಟ್ನಮ್ ಅನ್ನುವವರು ಅದನ್ನು ತಂದರು, ರಕ್ಷಣಾ ಅಭಿವೃದ್ಧಿ ಕೆಲಸಗಳಿಗೂ ಹಬ್ಬಿತು.

ಕಾರಣ ಸರಳ. ಶುರುವಿನಲ್ಲಿ ಏನು ಮಾಡಬೇಕು ಅಂತ ಗೊತ್ತಿರುವವರು ನಾಲ್ಕೇ ಜನ. ಅವರು ಬಿಡಿಸಿಟ್ಟಷ್ಟು ಕೆಲಸಕ್ಕೆ ಮಾತ್ರ ಬೇರೆಯವರನ್ನು ಹಚ್ಚಬಹುದು. ಡಿಸೈನ್ ಒಪ್ಪಿಗೆ ಆದಮೇಲೆ ಎಲ್ಲ ಕಡೆ ಒಟ್ಟಿಗೇ ಕೆಲಸ ಶುರುವಾಗುತ್ತದೆ. ಕೊನೆಯಲ್ಲಿ ಪರೀಕ್ಷೆ, ದಾಖಲೆ, ಅಲ್ಲಲ್ಲಿ ಸರಿಪಡಿಸುವುದು, ಇಷ್ಟು ಉಳಿಯುತ್ತದೆ.

ಎಕ್ಸೆಲ್‌ನಲ್ಲಿ ಐದು ನಿಮಿಷದ ಕೆಲಸ. ಕಳೆದ ಕಾಲವನ್ನು ಒಟ್ಟು ಕಾಲದಿಂದ ಭಾಗಿಸಿ, ಸೊನ್ನೆಯಿಂದ ಒಂದರೊಳಗಿನ ಸಂಖ್ಯೆ ಬರುತ್ತದೆ. ಅದರ ವರ್ಗವನ್ನು 3.5ರಿಂದ ಗುಣಿಸಿ, ಮೈನಸ್ ಹಾಕಿ, ಎಕ್ಸ್‌ಪೊನೆನ್ಷಿಯಲ್ ಫಂಕ್ಷನ್‌ಗೆ ಕೊಡಿ. ಬಂದದ್ದನ್ನು ಒಂದರಿಂದ ಕಳೆದು, 0.97ರಿಂದ ಭಾಗಿಸಿ. ಆವರೆಗೆ ಖರ್ಚಾಗಬೇಕಾದ ಪಾಲು ಸಿಕ್ಕಿತು. 0.97 ಯಾಕೆ ಅಂದರೆ ಈ ರೇಖೆಯ ಬಾಲ ಎಂದೂ ಮುಗಿಯುವುದಿಲ್ಲ, 97% ಆದಾಗ ಯೋಜನೆ ಮುಗಿಯಿತು ಅಂತ ಕತ್ತರಿಸುತ್ತೇವೆ.

ಅನುಕೂಲ ಏನೆಂದರೆ ಬೇಕಾದದ್ದು ಎರಡೇ ಅಂಕಿ, ಒಟ್ಟು ಮೊತ್ತ ಮತ್ತು ಅವಧಿ. ವೇಳಾಪಟ್ಟಿ ಜಾರಿದರೆ ಒಂದು ಸೆಲ್ ಬದಲಿಸಿದರಾಯಿತು. ಅನನುಕೂಲವೂ ಅದೇ. ಶಿಖರ ಯಾವಾಗಲೂ ಅವಧಿಯ 38% ಹತ್ತಿರವೇ ಬರುತ್ತದೆ, ಅರ್ಧ ಕಾಲಕ್ಕೆ 60% ಖರ್ಚಾಗಿರುತ್ತದೆ. ನಿಮ್ಮ ಕೆಲಸ ಹಾಗಿಲ್ಲದಿದ್ದರೆ ರೇಖೆ ನಿಮ್ಮ ಮಾತು ಕೇಳುವುದಿಲ್ಲ. ಈ ರೇಖೆಗೆ ವೀಬುಲ್ ರೇಖೆ ಅನ್ನುವ ಅಣ್ಣನೊಬ್ಬ ಇದ್ದಾನೆ, ರೇಲಿ ಅವನದೇ ಒಂದು ರೂಪ. ಶಿಖರ ಸರಿಸುವ ಸ್ವಾತಂತ್ರ್ಯ ಅಲ್ಲಿ ಸಿಗುತ್ತದೆ. ಆದರೆ ಸಣ್ಣವರಿಗೆ ಮುಂದಿನದೇ ಸುಲಭ.

ಬೀಟಾ ರೇಖೆ

ನಾಸಾದ ಖರ್ಚು ಅಂದಾಜಿನ ಕೈಪಿಡಿಯಲ್ಲಿ ಇರುವ ರೇಖೆ ಇದು. ಕಳೆದ ಕಾಲದ ಪಾಲನ್ನು ಕಾ ಅಂತ ಕರೆದರೆ, ಖರ್ಚಿನ ಪಾಲು:

10 × ಕಾ² × (1 − ಕಾ)² × (ಎ + ಬಿ × ಕಾ) + ಕಾ⁴ × (5 − 4 × ಕಾ)

ನೋಡಲು ಭಯವಾಗುತ್ತದೆ, ಮಾಡಲು ಭಯವಿಲ್ಲ. ಇಲ್ಲಿ ಬಾಲ ಇಲ್ಲ, ಕೊನೆಯ ದಿನಕ್ಕೆ ಸರಿಯಾಗಿ 100% ಆಗುತ್ತದೆ. ಎ ಮತ್ತು ಬಿ ಅನ್ನುವ ಎರಡು ಕಿವಿ ಹಿಂಡಿದರೆ ಆಕಾರ ಬದಲಾಗುತ್ತದೆ. ಅರ್ಧ ಕಾಲಕ್ಕೆ 19%ರಿಂದ 81%ವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮೇಲಿನ ಪಟ್ಟಿಯಲ್ಲಿ 60% ಸಾಲಿಗೆ ಎ 0.32, ಬಿ 0.68 ಇಟ್ಟಿದ್ದೇನೆ. 40% ಸಾಲಿಗೆ ಎ 0.34, ಬಿ ಸೊನ್ನೆ.

ಹಾಗಾದರೆ 60 ಇಡಬೇಕಾ 40 ಇಡಬೇಕಾ? ಇಡೀ ಹೋಲಿಕೆಯಲ್ಲಿ ನಿಜವಾಗಿ ಯೋಚಿಸಬೇಕಾದ ಜಾಗ ಇದು. ಖರ್ಚಿನ ದೊಡ್ಡ ಪಾಲು ಎಂಜಿನಿಯರ್‌ಗಳ ಸಂಬಳವಾಗಿದ್ದು, ಹಾರ್ಡ್‌ವೇರ್ ಒಂದೆರಡೇ ಆಗಿದ್ದರೆ ಖರ್ಚು ಮುಂದೆ ಬೀಳುತ್ತದೆ, 60 ಸರಿ. ದುಬಾರಿ ಭಾಗಗಳನ್ನು ಮೊದಲೇ ಬುಕ್ ಮಾಡಬೇಕಾದರೂ ಅಷ್ಟೇ. ಆದರೆ ಡಿಸೈನ್ ಮುಗಿದಮೇಲೆ ಹತ್ತಾರು ಪ್ರತಿ ಮಾಡಬೇಕು, ಅರ್ಹತಾ ಪರೀಕ್ಷೆಯೇ ದುಬಾರಿ, ಅಥವಾ ಉಡಾವಣೆಯ ಹಣವೂ ನಿಮ್ಮ ಲೆಕ್ಕದಲ್ಲೇ ಇದೆ ಅಂದರೆ 40ರ ಕಡೆ ವಾಲಬೇಕು. ಪುಟ್ಟ ಉಪಗ್ರಹ ಮಾಡುವ ಕಾಲೇಜಿನವರಿಗೆ ಈ ಕೊನೆಯದು ತಪ್ಪದೆ ಅನ್ವಯಿಸುತ್ತದೆ. ಹುಡುಗರ ದುಡಿಮೆಗೆ ಸಂಬಳವಿಲ್ಲ. ಹಾಗಾಗಿ ಬಜೆಟ್ ಅಂದರೆ ಬಿಡಿಭಾಗ, ಪರೀಕ್ಷೆ, ಉಡಾವಣೆ, ಮೂರೂ ಕೊನೆಯ ಕಡೆಗೇ.

40 ಇಟ್ಟರೆ ಮೊದಲೆರಡು ವರ್ಷ ಹಗುರ ಕಾಣುತ್ತದೆ. ₹6 ಕೋಟಿ ಹೋಗಿ ₹4 ಕೋಟಿಯಾಗುತ್ತದೆ. ಇಲ್ಲೇ ಆಸೆ ಶುರುವಾಗುವುದು. ಮೊದಲು ಹೇಳಿದ ಮೂರನೆಯ ಗುಂಪಿನವರು ಮಾಡುವುದು ಇದನ್ನೇ. ಕೆಲಸ 60ರದ್ದು, ಸಿಗುವ ಹಣ 40ರದ್ದು, ಹಾಗಾಗಿ ಬಿಯನ್ನು ಸೊನ್ನೆ ಮಾಡಿ ಮುಗಿಸುತ್ತಾರೆ. ಖರ್ಚಿನ ರೇಖೆ ಕೆಲಸದಿಂದ ಹುಟ್ಟಬೇಕು. ಹಣದ ರೇಖೆ ಬೇರೆ ಬರೆಯಿರಿ, ಎರಡರ ಮಧ್ಯೆ ಕಾಣುವ ಕಂದಕಕ್ಕೆ ಸಾಲವೋ ಪಾಲುದಾರರೋ ಕೆಲಸ ಕಡಿಮೆ ಮಾಡುವುದೋ, ಏನಾದರೂ ದಾರಿ ಹುಡುಕಿ. ಕಂದಕವನ್ನೇ ಅಳಿಸಿಬಿಟ್ಟರೆ ಅದು ಎರಡನೇ ವರ್ಷ ಕಾಲಿಗೆ ಸಿಗುತ್ತದೆ.

ಇನ್ನೊಂದು ಬೆಲೆಯೂ ಇದೆ. ಮೇಲಿನ ಅಂಕಿಗಳೆಲ್ಲ ಇವತ್ತಿನ ರೂಪಾಯಿಯಲ್ಲಿವೆ. ವರ್ಷಕ್ಕೆ 5% ಬೆಲೆ ಏರಿಕೆ ಅಂತ ಇಟ್ಟುಕೊಂಡರೆ, ರೇಲಿ ಹಂಚಿಕೆಯಲ್ಲಿ ₹10 ಕೋಟಿಯ ಕೆಲಸ ₹10.67 ಕೋಟಿ ಆಗುತ್ತದೆ. ಬೀಟಾ 40ರಲ್ಲಿ ₹10.88 ಕೋಟಿ. ಖರ್ಚು ಮುಂದೂಡಿದ್ದಕ್ಕೆ ₹21 ಲಕ್ಷ ದಂಡ. ಆಮದು ಭಾಗಗಳಿದ್ದರೆ ಡಾಲರ್ ಏರಿಳಿತ ಅದರ ಮೇಲೆ.

ಕೆಲಸದ ಪಟ್ಟಿಯಿಂದ ಕಟ್ಟುವುದು

ಕೊನೆಯ ದಾರಿ ಮೈ ಬಗ್ಗಿಸಬೇಕಾದದ್ದು. ಕೆಲಸಗಳನ್ನು ಒಂದೊಂದಾಗಿ ಬರೆದು, ಪ್ರತಿಯೊಂದಕ್ಕೂ ಶುರು, ಕೊನೆ, ಜನ, ಸಾಮಾನು ಹಚ್ಚಿ, ತಿಂಗಳವಾರು ಕೂಡಿಸುವುದು. ರೇಖೆ ನೀವು ಬರೆಯುವುದಿಲ್ಲ, ಅದಾಗಿ ಮೂಡುತ್ತದೆ.

ಮಲೆನಾಡಿನಲ್ಲಿ ಇದರ ಬೆಲೆ ಬೇರೆ ಊರಿಗಿಂತ ಜಾಸ್ತಿ. ನಮ್ಮ ವಾಲ್ವ್‌ನ ಟೆಸ್ಟ್ ರಿಗ್‌ಗೆ ಒಂದು ಕಾಂಕ್ರೀಟ್ ಬುನಾದಿ, ಮೇಲೆ ಶೆಡ್ಡು ಬೇಕು ಅಂದುಕೊಳ್ಳಿ. ಯೋಜನೆ ಏಪ್ರಿಲ್‌ನಲ್ಲಿ ಶುರುವಾದರೆ ಮಣ್ಣು ಅಗೆಯುವ ಹೊತ್ತಿಗೆ ಆರಿದ್ರಾ ಮಳೆ ಹಿಡಿದಿರುತ್ತದೆ. ಪುನರ್ವಸು, ಪುಷ್ಯ ಮುಗಿಯುವ ತನಕ ಗುಂಡಿಯ ನೀರು ಎತ್ತುವುದೇ ಕೆಲಸ. ತೀರ್ಥಹಳ್ಳಿ, ಹೊಸನಗರ ಕಡೆಯಾದರೆ ಕೇಳುವುದೇ ಬೇಡ. ಅಂದರೆ ಸಿವಿಲ್ ಕೆಲಸದ ಬಿಲ್ ಜುಲೈನಿಂದ ನವೆಂಬರ್‌ಗೆ ಹೋಯಿತು. ರಿಗ್ ಜೋಡಣೆ ಜನವರಿಗೆ ಹೋಯಿತು. ಮೊದಲ ಪರೀಕ್ಷೆ ಮುಂದಿನ ಆರ್ಥಿಕ ವರ್ಷಕ್ಕೆ ಬಿತ್ತು. ರೇಲಿಗೂ ಬೀಟಾಕ್ಕೂ ಈ ಮಳೆ ಗೊತ್ತಿಲ್ಲ. ಪಟ್ಟಿಗೆ ಗೊತ್ತು. ಕೆಲಸವನ್ನು ಅಕ್ಟೋಬರ್‌ನಲ್ಲಿ ಶುರು ಮಾಡೋಣ ಅಂತ ಹೇಳುವುದೂ ಅದೇ.

ಪರೀಕ್ಷೆಯದೂ ಹಾಗೇ. ಶಿವಮೊಗ್ಗದ ಸೋಗಾನೆ ನಿಲ್ದಾಣದಲ್ಲಿ 2023ರಿಂದ ವಿಮಾನ ಇಳಿಯುತ್ತಿದೆ ನಿಜ. ಆದರೆ ವೈಬ್ರೇಷನ್ ಟೆಸ್ಟ್, ಥರ್ಮೋವ್ಯಾಕ್ (ನಿರ್ವಾತದಲ್ಲಿ ಬಿಸಿ ತಂಪು ಮಾಡಿ ನೋಡುವ ಪರೀಕ್ಷೆ) ಅಂದರೆ ನಿಮ್ಮ ಪೆಟ್ಟಿಗೆ ಬೆಂಗಳೂರಿಗೇ ಹೋಗಬೇಕು. ಲ್ಯಾಬ್ ಸ್ಲಾಟ್ ಸಿಕ್ಕ ವಾರ ಖರ್ಚು ಒಟ್ಟಿಗೇ ಬೀಳುತ್ತದೆ, ಲ್ಯಾಬ್ ಬಾಡಿಗೆ, ಫಿಕ್ಸ್ಚರ್, ಇಬ್ಬರು ಮೂವರ ಊಟ ವಸತಿ. ನುಣುಪಾದ ರೇಖೆಯಲ್ಲಿ ಇಂಥ ಗುಡ್ಡ ಕಾಣುವುದೇ ಇಲ್ಲ.

ಇನ್ನು ದೋಷ. ಪಟ್ಟಿಯಲ್ಲಿ ನಿಮಗೆ ಗೊತ್ತಿರುವ ಕೆಲಸ ಮಾತ್ರ ಇರುತ್ತದೆ. ಸೀಲ್ ಸೋರಿತು, ಎರಕದಲ್ಲಿ ಗಾಳಿಗುಳ್ಳೆ ಬಂತು, ಮತ್ತೆ ಮಾಡಬೇಕು, ಇದನ್ನು ಯಾರೂ ಮುಂಚೆ ಪಟ್ಟಿಯಲ್ಲಿ ಬರೆಯುವುದಿಲ್ಲ. ಎಲ್ಲರೂ ತಮ್ಮ ಕೆಲಸ ಬೇಗ ಶುರುವಾಗುತ್ತದೆ ಅಂತಲೇ ಬರೆಯುತ್ತಾರೆ. ಹಾಗಾಗಿ ಪಟ್ಟಿಯ ಮೊದಲ ಆರು ತಿಂಗಳು ಉಬ್ಬಿರುತ್ತದೆ, ಕೊನೆಯ ವರ್ಷ ಬಡವಾಗಿರುತ್ತದೆ. ಅದಲ್ಲದೆ ಇನ್ನೂರು ಸಾಲಿನ ಪಟ್ಟಿಯನ್ನು ತಿಂಗಳು ತಿಂಗಳು ತಿದ್ದಲು ಒಬ್ಬರು ಬೇಕು. ಐದು ಜನರ ಘಟಕಕ್ಕೆ ಅದು ಭಾರ. ಮೂವತ್ತು ಸಾಲಿಗೆ ನಿಲ್ಲಿಸಿ. ಒಟ್ಟು ಖರ್ಚಿನ ದೊಡ್ಡ ತುಂಡುಗಳೆಲ್ಲ ಅಷ್ಟರಲ್ಲೇ ಬರುತ್ತವೆ.

ಮಾರ್ಚ್ 31ರ ಗೋಡೆ

ಯಾವ ದಾರಿ ಹಿಡಿದರೂ ಯೋಜನೆಯ ವರ್ಷವನ್ನು ಆರ್ಥಿಕ ವರ್ಷಕ್ಕೆ ತಿರುಗಿಸಬೇಕು. ನಮ್ಮ ₹10 ಕೋಟಿಯ ಯೋಜನೆ ಅಕ್ಟೋಬರ್ 1ಕ್ಕೆ ಶುರುವಾದರೆ ನಾಲ್ಕು ವರ್ಷದ ಕೆಲಸ ಐದು ಆರ್ಥಿಕ ವರ್ಷಗಳಲ್ಲಿ ಹರಡುತ್ತದೆ. ರೇಲಿ ಪ್ರಕಾರ ಆಗ ಹಂಚಿಕೆ ಕೋಟಿಗಳಲ್ಲಿ 0.5 – 3.5 – 3.7 – 1.9 – 0.4. ಮೊದಲ ಆರು ತಿಂಗಳಿಗೆ ಬರೀ ಐವತ್ತೈದು ಲಕ್ಷದಷ್ಟು! ಯೋಜನೆಯ ಮೊದಲ ವರ್ಷಕ್ಕೆ ₹2 ಕೋಟಿ ಅಂತ ನೋಡಿ ಅಷ್ಟನ್ನೂ ಆ ಆರ್ಥಿಕ ವರ್ಷಕ್ಕೇ ಕೇಳಿದರೆ ಒಂದೂವರೆ ಕೋಟಿಗೆ ಹತ್ತಿರ ಹಣ ಖರ್ಚಾಗದೆ ಉಳಿಯುತ್ತದೆ. ಸರ್ಕಾರಿ ಹಣ ಉಳಿಯಿತು ಅಂದರೆ ಯಾರೂ ಬೆನ್ನು ತಟ್ಟುವುದಿಲ್ಲ, ಮುಂದಿನ ಸಲ ಕಡಿಮೆ ಕೊಡುತ್ತಾರೆ. ಮಾರ್ಚ್‌ನಲ್ಲಿ ಸುರಿದು ಮುಗಿಸೋಣ ಅಂದರೂ ಆಗುವುದಿಲ್ಲ. ಕೇಂದ್ರದ ಇಲಾಖೆಗಳಿಗೆ ವರ್ಷದ ಬಜೆಟ್‌ನಲ್ಲಿ ಕೊನೆಯ ತ್ರೈಮಾಸಿಕಕ್ಕೆ 33%, ಮಾರ್ಚ್ ಒಂದೇ ತಿಂಗಳಲ್ಲಿ 15% ಅನ್ನುವ ಮಿತಿ ಹಣಕಾಸು ಸಚಿವಾಲಯದ್ದಿದೆ.

ಯಾರಿಗೆ ಯಾವುದು?

ಕಾಗದದ ಮೇಲಿನ ಯೋಚನೆ ಮಾತ್ರ ಇದ್ದು ಮೊದಲ ಅರ್ಜಿ ಬರೆಯುತ್ತಿದ್ದರೆ ಬೀಟಾ ಹಿಡಿಯಿರಿ. 60 ಮತ್ತು 40 ಎರಡನ್ನೂ ಹಾಕಿ ನೋಡಿ, ಎರಡರಲ್ಲೂ ನೀವು ಬದುಕುತ್ತೀರಾ ಅಂತ ಕೇಳಿಕೊಳ್ಳಿ. ಒಂದರಲ್ಲಿ ಮಾತ್ರ ಬದುಕುವುದಾದರೆ ಹಣದ ಏರ್ಪಾಡು ಇನ್ನೂ ಆಗಿಲ್ಲ ಅಂತ ಅರ್ಥ. ರೇಲಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಪರಿಶೀಲಿಸುವವರಿಗೆ ಒಂದು ಆಧಾರವೂ ಆಯಿತು. ಈ ಹಂತದಲ್ಲಿ ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಡಿ, ಎಕ್ಸೆಲ್ ಸಾಕು.

ಅನುದಾನ ಮಂಜೂರಾಗಿ ಕೆಲಸ ಶುರುವಾದವರಿಗೆ ನನ್ನ ಸಲಹೆ ಮಿಶ್ರಣ. ಮುಂದಿನ ಹನ್ನೆರಡು ತಿಂಗಳು ಕೆಲಸದ ಪಟ್ಟಿಯಿಂದ, ಆಮೇಲಿನದ್ದು ಬೀಟಾದಿಂದ. ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ಮುಂದಕ್ಕೆ ಎಳೆಯಿರಿ. ಹೊಸ ಕಂಪನಿಗಳಿಗೆ ಅನುದಾನ ಕೊಡುವ ಐಡೆಕ್ಸ್‌ನಂಥ ರಕ್ಷಣಾ ಯೋಜನೆಗಳಲ್ಲಿ ಹಣ ಮೈಲಿಗಲ್ಲು ಮುಟ್ಟಿದ ಹಾಗೆ ಕಂತಿನಲ್ಲಿ ಬರುತ್ತದೆ, ನಿಮ್ಮ ಪಾಲೂ ಹಾಕಬೇಕು. ಹಾಗಾಗಿ ಇಲ್ಲಿ ಖರ್ಚಿನ ರೇಖೆ ಒಂದು, ಕಂತಿನ ಮೆಟ್ಟಿಲು ಇನ್ನೊಂದು. ರೇಖೆ ಮೆಟ್ಟಿಲಿಗಿಂತ ಮೇಲೆ ಹೋದ ತಿಂಗಳುಗಳನ್ನು ಕೆಂಪು ಮಾಡಿ. ಬ್ಯಾಂಕಿಗೆ ತೋರಿಸಬೇಕಾದ ಹಾಳೆ ಅದೇ.

ಹಿಂದೆ ಇಂಥದ್ದೇ ಕೆಲಸ ಮಾಡಿ ಜಾಬ್‌ವಾರು ಲೆಕ್ಕ ಇಟ್ಟಿರುವವರು ಬೇರೆ ಎಲ್ಲೂ ನೋಡಬೇಡಿ. ನಿಮ್ಮ ಅಚ್ಚೇ ನಿಮಗೆ ಒಳ್ಳೆಯದು. ಆ ಅಂಕಿಗಳಿಗೆ ಹೊಂದುವ ಹಾಗೆ ಎ ಮತ್ತು ಬಿ ಕೂರಿಸಿಟ್ಟುಕೊಂಡರೆ ಮುಂದಿನ ಅರ್ಜಿಗಳಿಗೆ ನಿಮ್ಮದೇ ಬೀಟಾ ಸಿಕ್ಕ ಹಾಗಾಯಿತು.

ಅಭಿವೃದ್ಧಿ ಇಲ್ಲ, ಬರೀ ಉತ್ಪಾದನೆ ಅನ್ನುವ ಮಷಿನ್ ಶಾಪ್‌ನವರಿಗೆ ಮೇಲಿನ ರೇಖೆಗಳು ಯಾವುದೂ ಬೇಡ. ಡೆಲಿವರಿ ಪಟ್ಟಿ ತೆಗೆದುಕೊಂಡು, ಕಚ್ಚಾ ಮಾಲು ಎಷ್ಟು ತಿಂಗಳು ಮುಂಚೆ ಬೇಕೋ ಅಷ್ಟು ಹಿಂದಕ್ಕೆ ಸರಿಸಿ. ಮೊದಮೊದಲ ಪೀಸ್‌ಗಳಿಗೆ ಸಮಯ ಜಾಸ್ತಿ ಹಿಡಿಯುತ್ತದೆ ಅನ್ನುವುದನ್ನು ಸೇರಿಸಿ. ವಿಮಾನ ಕಾರ್ಖಾನೆಗಳಲ್ಲಿ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಪ್ರತಿ ವಿಮಾನದ ದುಡಿಮೆ ಒಂದು ನಿಗದಿತ ಪಾಲು ಇಳಿಯುತ್ತದೆ ಅಂತ ರೈಟ್ ಅನ್ನುವ ಎಂಜಿನಿಯರ್ 1936ರಲ್ಲೇ ಬರೆದರು. 80% ರೇಖೆ ಅಂದರೆ ಮೊದಲನೆಯದಕ್ಕೆ 100 ಗಂಟೆ ಹಿಡಿದರೆ ಎರಡನೆಯದಕ್ಕೆ 80, ನಾಲ್ಕನೆಯದಕ್ಕೆ 64.

ಮೀಸಲು ಹಣ ಎಲ್ಲಿಡಬೇಕು ಅಂತ ಎಲ್ಲರೂ ಕೇಳುತ್ತಾರೆ. ತುಂಬಾ ಜನ ಅದನ್ನು ಕೊನೆಯ ವರ್ಷದ ಕೆಳಗೆ ಒಂದು ಸಾಲಾಗಿ ಬರೆಯುತ್ತಾರೆ. ತೊಂದರೆ ಬರುವುದು ಮೊದಲ ಪ್ರೊಟೊಟೈಪ್ ಪರೀಕ್ಷೆಯ ಆಸುಪಾಸಿನಲ್ಲಿ, ನಮ್ಮ ಉದಾಹರಣೆಯಲ್ಲಿ ಎರಡು ಮತ್ತು ಮೂರನೇ ವರ್ಷ. ಅಲ್ಲೇ ಇಡಿ. ಆ ವರ್ಷ ಬೇಕಾಗದಿದ್ದರೆ ಮುಂದಕ್ಕೆ ಒಯ್ಯಲು ಅವಕಾಶ ಇದೆಯಾ ಅಂತ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ವೇಳಾಪಟ್ಟಿ ಜಾರಿದಾಗ ಮಾತ್ರ ಒಂದು ಎಚ್ಚರ. ನಾಲ್ಕು ವರ್ಷದ್ದನ್ನು ಐದಕ್ಕೆ ಎಳೆದು ಅದೇ ₹10 ಕೋಟಿಯನ್ನು ತೆಳ್ಳಗೆ ಹರಡಿದರೆ ಎಕ್ಸೆಲ್ ಏನೂ ಅನ್ನುವುದಿಲ್ಲ. ಆದರೆ ತಂಡದ ಸಂಬಳ, ಬಾಡಿಗೆ, ಬಡ್ಡಿ ಹೆಚ್ಚಿನ ಆ ಹನ್ನೆರಡು ತಿಂಗಳೂ ಓಡುತ್ತಿರುತ್ತವೆ. ತಿಂಗಳಿಗೆ ₹8 ಲಕ್ಷ ಅಂದರೂ ₹96 ಲಕ್ಷ. ಮೊದಲು ಅದನ್ನು ಒಟ್ಟು ಮೊತ್ತಕ್ಕೆ ಸೇರಿಸಿ, ಆಮೇಲೆ ಹಂಚಿ.